ಮೂರನೇ ರೌಂಡಿನ ಗೆರೆಗಳು

ಬೊಮ್ಮಸಂದ್ರದ ನಮ್ಮ ಕಾರ್ಖಾನೆಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವರು ‘ಚಾಂಪಿಯನ್’. ಕೆಲವರು ಮರ್ಯಾದೆಯಿಂದ ಕರೆಯುತ್ತಿದ್ದರು, ಕೆಲವರು ಕಿಚಾಯಿಸೋದಕ್ಕೆ ಕರೆಯುತ್ತಿದ್ದರು. ಅವರು ಎರಡಕ್ಕೂ ಒಂದೇ ಥರ ‘ಆಂ?’ ಅಂತ ತಿರುಗುತ್ತಿದ್ದರು. ಅವರು ತೀರಿಹೋಗಿ ಆರು ತಿಂಗಳಾಯಿತು. ನಾನೂ ಇಲ್ಲಿ ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅದರ ಮುಂದೆ ‘ಹೆವಿವೇಟ್ ಚಾಂಪಿಯನ್’ ಅಂತ ಸೇರಿಸಬೇಕೋ ಬೇಡವೋ ನನಗೆ ಗೊತ್ತಿಲ್ಲ. ಅದು ಗೊತ್ತಿರಬೇಕಾದವನು ಈ ಲೋಕದಲ್ಲಿ ಯಾರಾದರೂ ಇದ್ದರೆ ಅದು ನಾನೇ. ಅದೇ ನನ್ನ ಕರ್ಮ.

ಆಳು ಬಾಗಿಲಷ್ಟು ಅಗಲ. ಆದರೆ ಅಷ್ಟು ದೊಡ್ಡ ಶರೀರದಲ್ಲಿ ಅಷ್ಟೊಂದು ಹುಷಾರು ಹೇಗೆ ಹಿಡಿಸಿತ್ತೋ ಕಾಣೆ. ಟೀ ಗ್ಲಾಸನ್ನು ಮೊದಲು ಹಿಂಗೈಗೆ ತಾಗಿಸಿ ಬಿಸಿ ನೋಡುವರು, ಆಮೇಲೆ ಮೂರು ಸಲ ಊದುವರು, ಆಮೇಲೆ ಒಂದು ಗುಟುಕು. ಅಷ್ಟರಲ್ಲಿ ನಮ್ಮದೆಲ್ಲ ಖಾಲಿ. ಹೊಸೂರು ರಸ್ತೆ ದಾಟೋದಕ್ಕೆ ನಿಂತರೆ ಇಡೀ ಶಿಫ್ಟೇ ದಾಟಿಹೋದರೂ ಅವರು ಇನ್ನೂ ಆಚೆ ಬದಿಯಲ್ಲಿ ಬಲಕ್ಕೆ ನೋಡಿ ಎಡಕ್ಕೆ ನೋಡಿ ಮತ್ತೆ ಬಲಕ್ಕೆ ನೋಡುತ್ತಿರುವರು. ‘ಬನ್ನಿ ಅಣ್ಣಾ, ಬಸ್ಸು ಹೋಗ್ತದೆ’ ಅಂತ ನಾನು ಕೂಗಿದರೆ, ‘ಬಸ್ಸು ಇನ್ನೊಂದು ಬತ್ತದೆ ಗುರು’ ಅನ್ನುವರು.

ಅಲ್ಲೇ ಹೆಬ್ಬಗೋಡಿ ಪಕ್ಕದ ಹಳ್ಳಿಯವರು. ಅವರಪ್ಪ ರಾಗಿ ಬೆಳೆದಿದ್ದ ಹೊಲದ ಮೇಲೆ ಈಗ ಯಾವುದೋ ಔಷಧಿ ಕಂಪನಿಯ ಗೋಡೌನು. ಅದರ ಬಗ್ಗೆ ಅವರಿಗೆ ಸಿಟ್ಟೂ ಇರಲಿಲ್ಲ, ದುಃಖವೂ ಇರಲಿಲ್ಲ. ಆ ಕಡೆ ಹೋದಾಗ ಮಾತ್ರ ‘ಇಲ್ಲಿ ನಮ್ದೊಂದು ಬಾವಿ ಇತ್ತು, ನೋಡ್ಕೊಂಡು ಓಡ್ಸು’ ಅನ್ನುವರು. ಬಾವಿ ಮುಚ್ಚಿ ಇಪ್ಪತ್ತು ವರ್ಷವಾಗಿತ್ತು.

ಅವರ ಕೆಲಸ ಪವರ್ ಪ್ರೆಸ್ ಮೇಲೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಕಬ್ಬಿಣದ ತಗಡನ್ನು ಕೈಯಲ್ಲಿ ಅಚ್ಚಿನ ಕೆಳಗೆ ಇಡಬೇಕು, ಕೈ ತೆಗೀಬೇಕು, ಪೆಡಲ್ ತುಳೀಬೇಕು, ಮೇಲಿಂದ ಟನ್ನುಗಟ್ಟಲೆ ಭಾರ ಧಡ್ಡಂತ ಬೀಳುತ್ತದೆ. ಕೈ ತೆಗೆಯೋದೂ ತುಳಿಯೋದೂ ಹಿಂದುಮುಂದಾದರೆ ಬೆರಳು ತಗಡಿನ ಜೊತೆ ಹೋಗುತ್ತದೆ. ನಮ್ಮ ಪ್ರೆಸ್ ಶಾಪಿನ ಹಳಬರು ಕೈ ಮುಗಿದರೆ ಬೆರಳು ಸರಿಯಾಗಿ ಜೋಡಿಯಾಗುತ್ತಿರಲಿಲ್ಲ. ಇವರಿಗೆ ಹತ್ತೂ ಇದ್ದವು. ‘ಒಳಕ್ಕೆ ಓಗೋದು ಯಾವ ಬೇವರ್ಸಿಗಾದ್ರೂ ಬತ್ತದೆ. ಈಚೆ ಬರೋದು ಕಲೀಬೇಕು’ ಅನ್ನುವರು.

ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್. ದಿನವಿಡೀ ಆಪರೇಟರುಗಳು ಮಾಡಿದ ಪೀಸುಗಳನ್ನು ನೋಡೋದು, ಅಂಚು ಎದ್ದಿದ್ದರೆ, ತೂತು ಸರಿದಿದ್ದರೆ, ಹಾಳೆಯಲ್ಲಿ ಆ ಆಪರೇಟರ್ ಹೆಸರಿನ ಕೆಳಗೆ ಒಂದು ಗೆರೆ ಎಳೆಯೋದು. ನಾಲ್ಕು ಗೆರೆ ಆದಮೇಲೆ ಐದನೆಯದು ಅಡ್ಡ. ಒಳ್ಳೆ ಪೀಸಿಗೆ ಗೆರೆ ಇಲ್ಲ, ಕೆಟ್ಟದ್ದಕ್ಕೆ ಮಾತ್ರ. ಯಾರ ಕೆಳಗೆ ಗೆರೆ ಜಾಸ್ತಿಯೋ ಅವನು ಬೈಸಿಕೊಳ್ಳಬೇಕು. ಈ ಕಥೆ ನಡೆಯುವ ಹೊತ್ತಿಗೆ ಹೀಗೆ ಎಂಟು ವರ್ಷ ಮಾಡಿದ ಕೈ ನನ್ನದು. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ. ಅವರ ಪೀಸನ್ನು ನಾನು ರಿಜೆಕ್ಟ್ ಮಾಡಿದರೆ ಬೇರೆಯವರ ಹಾಗೆ ಜಗಳಕ್ಕೆ ಬರುತ್ತಿರಲಿಲ್ಲ. ಪೀಸನ್ನು ಎರಡು ಬೆರಳಲ್ಲಿ ಹಿಡಿದು ನನ್ನ ಮುಂದೆ ಇಟ್ಟು, ‘ಇನ್ನೊಂದ್ ಸಲ ನೋಡು ಗುರು’ ಅನ್ನುವರು. ನೋಡುತ್ತಿದ್ದೆ. ಹತ್ತರಲ್ಲಿ ನಾಲ್ಕು ಸಲ ನನ್ನದೇ ತಪ್ಪಿರುತ್ತಿತ್ತು. ಆಗಲೂ ಗೆದ್ದ ಮುಖ ಮಾಡುತ್ತಿರಲಿಲ್ಲ. ಪೀಸು ಎತ್ತಿಕೊಂಡು ಹೋಗುವರು, ಅಷ್ಟೆ.

ಶಿಫ್ಟ್ ಮುಗಿಯುವಾಗ ಪ್ರೆಸ್ ಶಾಪಿನ ಬಾಗಿಲಲ್ಲಿ ನಿಂತು ‘ಕೈ ತೋರ್ಸಿ’ ಅನ್ನೋದು ಅವರ ಪದ್ಧತಿ. ಪ್ರತಿಯೊಬ್ಬನೂ ಎರಡೂ ಕೈ ಎತ್ತಿ ಬೆರಳು ಬಿಡಿಸಿ ತೋರಿಸಿ ಹೋಗಬೇಕು. ಮೊದಮೊದಲು ಯಾರೂ ಕ್ಯಾರೇ ಅನ್ನುತ್ತಿರಲಿಲ್ಲ. ‘ಬಂದ ಪುಕ್ಕಲ’ ಅಂತ ನಗುತ್ತಿದ್ದರು. ದಿನದ ಗುರಿ ಮುಟ್ಟಬೇಕಂತ, ಅಚ್ಚಿನ ಕೆಳಗೆ ಕೈ ಸಿಕ್ಕದ ಹಾಗೆ ತಡೆಯೋ ಸೇಫ್ಟಿ ಗಾರ್ಡ್ ಕಳಚಿ ಓಡಿಸುತ್ತಿದ್ದ ಒಬ್ಬ ಆಪರೇಟರ್‌ಗೆ ಇವರು ಬೈದರೆ, ಅವನು ಎಲ್ಲರೆದುರು ‘ಅಷ್ಟು ದೊಡ್ಡ ಮೈ ಇಟ್ಕೊಂಡು ಹೆದರಿ ಸಾಯ್ತೀರಲ್ಲ ಅಣ್ಣ’ ಅಂದಿದ್ದ. ತಿಂಗಳೊಳಗೆ ಅವನ ಎರಡು ಬೆರಳು ಹೋದವು. ಬಟ್ಟೆ ಸುತ್ತಿ ಅವನನ್ನು ಆಸ್ಪತ್ರೆಗೆ ಹೊತ್ತುಕೊಂಡು ಓಡಿದವರು ಇವರೇ. ವಾಪಸ್ ಬಂದು ನನ್ನ ಟೇಬಲ್ ಹತ್ತಿರ ಕೂತರು. ಅಂಗಿ ತುಂಬ ರಕ್ತ.

‘ಪುಕ್ಕಲನ ಮಾತು ಯಾರೂ ಕೇಳಾಕಿಲ್ಲ ಗುರು’ ಅಂದರು. ‘ಈ ಸಲ ರಾಜ್ಯೋತ್ಸವದಾಗೆ ನನ್ನೆಸ್ರು ಬರ್ಸು.’

ನಮ್ಮ ಕಡೆ ನವೆಂಬರಿನಲ್ಲಿ ಕಾರ್ಖಾನೆಗಳ ಕನ್ನಡ ಸಂಘಗಳು ಸೇರಿ ರಾಜ್ಯೋತ್ಸವ ಮಾಡುತ್ತವೆ. ಬಾವುಟ, ಆರ್ಕೆಸ್ಟ್ರಾ, ಸನ್ಮಾನ, ಜೊತೆಗೆ ಆಗ ಬಾಕ್ಸಿಂಗ್ ಪಂದ್ಯವೂ ಇತ್ತು. ಹೆಸರು ಬರೆಸೋದು ಬಾಕ್ಸಿಂಗಿಗಾ ಅಂತ ನಾನು ಬೆಚ್ಚಿಬಿದ್ದೆ. ಹರೆಯದಲ್ಲಿ ಯಾರೋ ನಿವೃತ್ತ ಸುಬೇದಾರರ ಹತ್ತಿರ ಮೂರು ವರ್ಷ ಕಲಿತಿದ್ದರಂತೆ, ಯಾರಿಗೂ ಹೇಳಿಕೊಂಡಿರಲಿಲ್ಲ. ಆಗ ಅವರಿಗೆ ನಲವತ್ತಾರು. ‘ಯಾಕಣ್ಣ ಈ ವಯಸ್ಸಲ್ಲಿ?’ ಅಂದೆ. ‘ಗೆದ್ರೆ ಕೈ ತೋರುಸ್ತಾರೆ’ ಅಂದರು. ಅವರಿಗೆ ಬೇಕಾಗಿದ್ದು ಅಷ್ಟೇ. ಈ ಮಾತು ನನಗೊಬ್ಬನಿಗೇ ಗೊತ್ತಿತ್ತು, ಅದೇ ಆಮೇಲೆ ನನ್ನ ಬಾಯಿ ಕಟ್ಟಿತು.

ಹೊಸೂರು ರಸ್ತೆಯ ಮೇಲ್ಸೇತುವೆಗೆ ಕಂಬಗಳು ಏಳುತ್ತಿದ್ದ ವರ್ಷ ಅದು. ಸ್ಕ್ರ್ಯಾಪ್ ತೂಗೋ ತಕ್ಕಡಿ ಮೇಲೆ ನಿಲ್ಲಿಸಿ ಎಲ್ಲರ ತೂಕ ನೋಡಿದರು. ಹೆವಿವೇಟಿಗೆ ಇಬ್ಬರೇ ಉಳಿದರು. ಒಬ್ಬರು ಇವರು. ಇನ್ನೊಬ್ಬ ಪಕ್ಕದ ಫೌಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದ ಬಾಗಲಕೋಟೆ ಕಡೆಯವನು, ಊರಲ್ಲಿ ಕುಸ್ತಿ ಆಡಿ ಬಂದವನು, ಎಲ್ಲರೂ ಪೈಲ್ವಾನ ಅನ್ನುತ್ತಿದ್ದರು. ಇಪ್ಪತ್ತಾರು ವರ್ಷ. ತೀರ್ಪುಗಾರರು ಮೂವರು: ಸೇನೆಯಿಂದ ಬಂದಿದ್ದ ಒಬ್ಬ ಸೆಕ್ಯೂರಿಟಿ ಆಫೀಸರು, ಕ್ಯಾಂಟೀನ್ ಕಂಟ್ರಾಕ್ಟರು, ಮತ್ತೆ ನಾನು. ‘ದಿನಾ ಎಣಿಸೋನು ನೀನೇ ತಾನೆ, ಕೂತ್ಕೊ’ ಅಂತ ಸಂಘದವರು ನನ್ನನ್ನು ಎಳೆದು ಕೂರಿಸಿದರು. ಬೇಡ ಅನ್ನೋದಕ್ಕೆ ನನಗೇನು ಧಾಡಿಯಾಗಿತ್ತೋ! ಹಾಳೆಯಲ್ಲಿ ಎರಡು ಪಟ್ಟಿ, ಕೆಂಪು ಮತ್ತು ನೀಲಿ. ಇವರು ಕೆಂಪು, ಪೈಲ್ವಾನ ನೀಲಿ. ಯಾರು ಏಟು ಹಾಕಿದರೋ ಅವರ ಕೆಳಗೆ ಒಂದು ಗೆರೆ. ಮೂರು ರೌಂಡು, ಗೆರೆ ಜಾಸ್ತಿ ಬಂದವರು ಗೆದ್ದ ಹಾಗೆ.

ಪಂದ್ಯ ಅಂತ ನೋಡೋದಕ್ಕೆ ಏನೂ ಇರಲಿಲ್ಲ ಅಂತಲೇ ಜನ ಇವತ್ತೂ ಹೇಳುತ್ತಾರೆ. ಪೈಲ್ವಾನ ನುಗ್ಗುತ್ತಿದ್ದ, ಇವರು ಹಿಂದೆ ಸರಿಯುತ್ತಿದ್ದರು. ಹಿಂದೆ ಸರಿಯುತ್ತಲೇ ಎಡಗೈ ಪಟ್ಟಂತ ಹೋಗಿ ತಾಗಿ ಬರುತ್ತಿತ್ತು. ಹೋದಷ್ಟೇ ಬೇಗ ಈಚೆ. ನಾನು ನೋಡನೋಡುತ್ತ ಅಂದುಕೊಂಡೆ, ಅಯ್ಯೋ, ಇವರು ಪ್ರೆಸ್ ಓಡಿಸುತ್ತಿದ್ದಾರೆ! ಜನ ಮಾತ್ರ ‘ಹೊಡಿಯೋ!’ ‘ಓಡ್ಬೇಡ್ವೋ!’ ಅಂತ ಗಂಟಲು ಹರಿದುಕೊಳ್ಳುತ್ತಿದ್ದರು. ನನ್ನ ಹಾಳೆಯಲ್ಲಿ ಮೊದಲ ರೌಂಡು ಆರು–ಆರು. ಎರಡನೆಯದು ಕೆಂಪು ಐದು, ನೀಲಿ ಆರು. ಮೂರನೆಯದರಲ್ಲಿ ಕೆಂಪು ಒಂಬತ್ತು, ನೀಲಿ ಐದು. ಆ ರೌಂಡಿನ ಕೊನೆಯಲ್ಲಿ ಪೈಲ್ವಾನನ ಒಂದು ಏಟು ಇವರ ಪಕ್ಕೆಗೆ ಬಿತ್ತು ನೋಡಿ, ಆ ಸದ್ದು ನನ್ನ ಕುರ್ಚಿವರೆಗೆ ಬಂತು. ಇವರು ಬಾಯಿ ತೆರೆದು ಹಗ್ಗಕ್ಕೆ ಒರಗಿದರು. ನನ್ನ ಪೆನ್ನು ಹಾಳೆ ಹರಿಯೋಷ್ಟು ಜೋರಾಗಿ ಒಂದು ಗೆರೆ ಎಳೆಯಿತು. ಗಂಟೆ ಹೊಡೆಯಿತು.

ಆಫೀಸರು ಇವರಿಗೆ ಕೊಟ್ಟರು, ಕಂಟ್ರಾಕ್ಟರು ಪೈಲ್ವಾನನಿಗೆ ಕೊಟ್ಟರು. ನನ್ನದು ಇಪ್ಪತ್ತು–ಹದಿನೇಳು. ಇವರ ಕೈ ಎತ್ತಿ, ಗೆದ್ದವರಿಗೆ ಅಂತ ಇಟ್ಟಿದ್ದ ಕಪ್ ಕೊಟ್ಟರು. ಜನ ಶಿಳ್ಳೆ ಹೊಡೆದು, ನೀರಿನ ಪ್ಯಾಕೆಟ್ ಎಸೆದು, ಬಾಯಿಗೆ ಬಂದಂತೆ ಬೈದರು. ಆ ಗದ್ದಲದಲ್ಲಿ ನಾನು ಹಾಳೆ ನೋಡಿದೆ. ಆ ಜೋರಿನ ಗೆರೆ, ಪಕ್ಕೆಗೆ ಬಿದ್ದ ಏಟಿನ ಗೆರೆ, ಕೆಂಪಿನ ಕೆಳಗೆ ಇತ್ತು.

ಏಟು ತಿಂದವರ ಕೆಳಗೆ! ಥೂ ನನ್ನ ಜನ್ಮಕ್ಕಿಷ್ಟು! ಎಂಟು ವರ್ಷ ಪೆಟ್ಟಾದ ಪೀಸಿನ ಕೆಳಗೇ ಗೆರೆ ಎಳೆದ ಕೈ, ಪೆಟ್ಟಾದ ಮನುಷ್ಯನ ಕೆಳಗೂ ಎಳೆದಿತ್ತು. ಒಂಬತ್ತನೆಯದು ಖಂಡಿತ ತಪ್ಪು. ಅದೊಂದನ್ನು ಈ ಕಡೆಯಿಂದ ಆ ಕಡೆಗೆ ಹಾಕಿದರೆ ಹತ್ತೊಂಬತ್ತು–ಹದಿನೆಂಟು, ಆಗಲೂ ಇವರೇ ಗೆದ್ದ ಹಾಗೆ. ಆದರೆ ಮೂರನೇ ರೌಂಡಿನಲ್ಲಿ ಕೆಂಪಿನ ಕೆಳಗೆ ಇನ್ನೊಂದೇ ಒಂದು ಗೆರೆ ಹಾಗೆ ತಪ್ಪಿದ್ದರೆ ಇವರು ಸೋತಿದ್ದರು. ನೀಲಿಯ ಕೆಳಗೂ ಒಂದು ತಪ್ಪಿದ್ದರೆ ಮತ್ತೆ ಇವರೇ ಗೆದ್ದ ಹಾಗೆ. ತಪ್ಪಿತ್ತೋ ಇಲ್ಲವೋ? ನೆನಪು ಮಾಡಿಕೊಂಡಷ್ಟೂ ಕಲಸಿಹೋಗುತ್ತಿತ್ತು. ಏಳಬೇಕು, ಹೇಳಬೇಕು ಅಂದುಕೊಂಡೆ. ಅಷ್ಟರಲ್ಲಿ ಅವರು ಪಕ್ಕೆ ಹಿಡಿದುಕೊಂಡು ನನ್ನ ಹತ್ತಿರ ಬಂದು, ‘ಗುರು, ನಾನ್ ಗೆದ್ನಾ?’ ಅಂದರು. ‘ಪಾಯಿಂಟ್ ಮೇಲೆ ಗೆದ್ರಿ ಅಣ್ಣ’ ಅಂದುಬಿಟ್ಟೆ.

ಮಾರನೇ ದಿನ ಶಿಫ್ಟ್ ಬಿಟ್ಟಾಗ ಅವರು ಬಾಗಿಲಲ್ಲಿ ನಿಂತು ‘ಕೈ ತೋರ್ಸಿ’ ಅಂದರು. ಮೊದಲ ಸಲ ಎಲ್ಲರೂ ತೋರಿಸಿದರು. ನಗುತ್ತಲೇ ತೋರಿಸಿದರು, ಆದರೆ ತೋರಿಸಿದರು. ಬರಬರುತ್ತ ಅದೇ ರೂಢಿಯಾಯಿತು. ಗಾರ್ಡ್ ಕಳಚಿದವನನ್ನು ಕಂಡರೆ ಬೇರೆಯವರೇ ‘ಚಾಂಪಿಯನ್ ಬರ್ತಾರೆ ಮಗಾ, ಹಾಕು’ ಅನ್ನತೊಡಗಿದರು. ನನಗೆ ಗೊತ್ತಿದ್ದ ಹಾಗೆ ಅವರ ಶಿಫ್ಟಿನಲ್ಲಿ ಮತ್ತೆ ಯಾರ ಬೆರಳೂ ಹೋಗಲಿಲ್ಲ. ಈಗ ಹೇಳಿ, ನಾನು ಹೇಗೆ ಬಾಯಿ ಬಿಡಲಿ? ಆ ಹತ್ತು ಹತ್ತು ಬೆರಳು ದಿನಾ ಸಂಜೆ ಮೇಲೆದ್ದಾಗ ನನಗೆ ಸಂತೋಷವಾಗುತ್ತಿತ್ತು, ಸಂಕಟವೂ ಆಗುತ್ತಿತ್ತು.

ಟೀ ಅಂಗಡಿಯಲ್ಲಿ ವಾದ ಮಾತ್ರ ನಿಲ್ಲಲಿಲ್ಲ. ‘ಹೆವಿವೇಟ್ ಅಂದ್ರೆ ಒಬ್ಬ ಮಲಗ್ಬೇಕು ಕಣ್ರೀ. ತಟ್ಟಿ ಓಡೋದಕ್ಕೆ ಕಪ್ ಕೊಡ್ತಾರಾ? ಇದೇನು ಕುಂಟೆಬಿಲ್ಲೆನಾ?’ ಅಂತ ಒಬ್ಬ ಅಂದರೆ, ‘ಏಟು ತಿನ್ನದೆ ಏಟು ಹಾಕೋದೇ ಆಟ, ತಾಕತ್ತು ಬೇಕಾದ್ರೆ ಲಾರಿ ಲೋಡ್ ಮಾಡು ಹೋಗು’ ಅಂತ ಇನ್ನೊಬ್ಬ. ನಾನು ಎರಡೂ ಕಡೆ ತಲೆ ಆಡಿಸುತ್ತಿದ್ದೆ. ನಿಜ ಹೇಳಬೇಕೆಂದರೆ, ಲೆಕ್ಕ ಸರಿಯಿತ್ತು ಅಂತಲೇ ಇಟ್ಟುಕೊಂಡರೂ ಹಾಗೆ ಹಿಂದೆ ಹಿಂದೆ ಹೋಗಿ ಗೆದ್ದದ್ದು ಚಾಂಪಿಯನ್‌ಗಿರಿ ಹೌದೋ ಅಲ್ಲವೋ ನನಗೆ ತೀರ್ಮಾನವಾಗಿರಲಿಲ್ಲ. ಒಂದು ದಿನ ಹೌದು ಅನಿಸುತ್ತಿತ್ತು, ಮಾರನೇ ದಿನ ಪೈಲ್ವಾನ ಎದುರಿಗೆ ಸಿಕ್ಕಿ ‘ಆರಾಮ್ರೀ ಜಡ್ಜ್ ಸಾಹೇಬ್ರ?’ ಅಂದರೆ ಅಲ್ಲ ಅನಿಸುತ್ತಿತ್ತು. ಅವರು ಮಾತ್ರ ವಾದದ ನಡುವೆ ಟೀ ಊದುತ್ತ ಕೂತಿರುವರು. ಯಾರಾದರೂ ನೇರವಾಗಿ ಕೇಳಿದರೆ ನನ್ನ ಕಡೆ ಗಲ್ಲ ತೋರಿಸಿ, ‘ಗುರು ಬರ್ದವ್ನೆ, ಕೇಳ್ಕಳ್ಳಿ’ ಅನ್ನುವರು. ಸಂಘದವರಿಂದ ನನ್ನ ಆ ಹಾಳೆಯನ್ನು ಇಸ್ಕೊಂಡು, ಲ್ಯಾಮಿನೇಷನ್ ಮಾಡಿಸಿ, ಮನೆಯಲ್ಲಿ ಕಪ್ಪಿನ ಹಿಂದೆ ಗೋಡೆಗೆ ಹೊಡೆದಿದ್ದರು. ಅವರ ಮನೆಗೆ ಊಟಕ್ಕೆ ಹೋದರೆ ನಾನು ಆ ಗೋಡೆಗೆ ಬೆನ್ನು ಹಾಕಿ ಕೂರುತ್ತಿದ್ದೆ.

ಪ್ರತಿ ವರ್ಷ ರಾಜ್ಯೋತ್ಸವದ ದಿನ ಒಂದು ಸಲ ಕೇಳುವರು: ‘ಗುರು, ನಾನ್ ಗೆದ್ನಾ?’ ತಮಾಷೆಗೆ ಕೇಳುತ್ತಾರೆ ಅಂತ ಮೊದಲು ಅಂದುಕೊಂಡಿದ್ದೆ. ಆಮೇಲಾಮೇಲೆ ಅವರ ಕಣ್ಣು ನೋಡಿದರೆ ತಮಾಷೆ ಇರಲಿಲ್ಲ.

ಹನ್ನೆರಡು ವರ್ಷ ಹೀಗೆ ನಡೆಯಿತು. ಅವರು ನಿವೃತ್ತರಾದ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ನನಗೂ ಎರಡು ಮಾತು ಆಡು ಅಂದರು. ‘ಇವರು ನಿಜವಾದ ಚಾಂಪಿಯನ್’ ಅಂದೆ. ಚಪ್ಪಾಳೆ. ಆ ಚಪ್ಪಾಳೆ ನನಗೆ ತಡೆಯಲಾಗಲಿಲ್ಲ. ಸ್ಕೂಟರ್ ಸ್ಟ್ಯಾಂಡಿನಲ್ಲಿ ಹೆಲ್ಮೆಟ್ ಪಟ್ಟಿ ಬಿಗಿ ಮಾಡಿಕೊಳ್ಳುತ್ತಿದ್ದವರನ್ನು ನಿಲ್ಲಿಸಿ, ಒಂಬತ್ತನೇ ಗೆರೆಯಿಂದ ಶುರುಮಾಡಿ ಎಲ್ಲ ಹೇಳಿಬಿಟ್ಟೆ. ಬೈತಾರೆ, ಒಂದು ಕೊಡ್ತಾರೆ ಅಂತಲೇ ಕಾದೆ. ಅವರು ಬೆರಳು ಮಡಚಿ ಎಣಿಸಿದರು.

‘ಒಂದು ತಪ್ಪಾದ್ರೂ ನಾನೇ. ಎರಡಾದ್ರೆ ಅವ್ನು.’

‘ಹೌದಣ್ಣ.’

‘ಎರಡ್ನೇದು ತಪ್ಪೋ ಸರೀನೋ?’

‘ಗೊತ್ತಿಲ್ಲ ಅಣ್ಣ. ದೇವರಾಣೆ ಗೊತ್ತಿಲ್ಲ.’

‘ಯಾಕ್ ಇಷ್ಟ್ ದಿನ ಏಳ್ಲಿಲ್ಲ?’

‘ಭಯ ಆಯ್ತು. ಹೇಳಿದ್ರೆ ಯಾರೂ ಕೈ ತೋರ್ಸಲ್ಲ ಅಂತ.’

ಹೆಲ್ಮೆಟ್ ಪಟ್ಟಿಯನ್ನು ಇನ್ನೊಂದು ಸಲ ಎಳೆದು ನೋಡಿದರು. ಆಮೇಲೆ, ‘ಭಾನುವಾರ ಬಾ’ ಅಂದರು. ಹಾರವನ್ನು ಹ್ಯಾಂಡಲಿಗೆ ಸಿಕ್ಕಿಸಿ, ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಹೊರಟುಹೋದರು.

ಭಾನುವಾರ ಹೋದರೆ, ಕಪ್ಪನ್ನು ಟವೆಲ್‌ನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು. ಪೈಲ್ವಾನನ ಬಾಡಿಗೆ ಮನೆಗೆ ಇಬ್ಬರೂ ಹೋದೆವು. ಅವನಿಗೂ ಈಗ ಹೊಟ್ಟೆ ಬಂದಿತ್ತು, ಕಿವಿ ಹತ್ತಿರ ನರೆ ಬಂದಿತ್ತು. ‘ಬರ್ರಿ ಬರ್ರಿ, ಚಾಂಪಿಯನ್ನರು ಬಡವರ ಮನಿಗೆ!’ ಅಂತ ಚಾಪೆ ಹಾಸಿದ. ನಾನು ತಲೆ ತಗ್ಗಿಸಿಕೊಂಡೇ ಮತ್ತೆ ಎಲ್ಲ ಹೇಳಿದೆ. ಇವರು ಕಪ್ಪನ್ನು ತೆಗೆದು ಅವನ ಮುಂದಿಟ್ಟು, ‘ತಕ್ಕೊ’ ಅಂದರು.

ಪೈಲ್ವಾನ ಕಪ್ಪನ್ನು ನೋಡಿದ, ಮುಟ್ಟಲಿಲ್ಲ. ‘ಅಲ್ರೀ, ಹನ್ನೆರಡ್ ವರ್ಷಾತು. ನಾನs ಗೆದ್ದಿದ್ದೆ, ಜಡ್ಜಗೋಳು ಮೋಸ ಮಾಡಿದ್ರು ಅಂತ ಊರ ತುಂಬ ಹೇಳ್ಕೋತ ಬಂದೀನಿ. ಮಂದಿ ಅಯ್ಯೋ ಅಂತಾರ, ಚಹಾ ಕುಡಸ್ತಾರ. ಈಗ ಇದನ್ನ ತಗೊಂಡು ಏನ್ ಹೇಳ್ಲಿ? ಅವ್ರಿಗೇ ಗೊತ್ತಿಲ್ಲಂತ ಅಂತ ಹೇಳ್ಲೇನು?’

‘ನಿಜ ಏಳು. ಆ ರೌಂಡು ನೀನ್ ಜಾಸ್ತಿ ಒಡ್ದ್ಯಾ, ನಾನ್ ಜಾಸ್ತಿ ಒಡ್ದ್ನಾ?’ ಅಂತ ಇವರು ಕೇಳಿದರು. ಅವರು ಹಾಗೆ ಕೇಳಿಕೊಂಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಪೈಲ್ವಾನ ನಗೋದು ನಿಲ್ಲಿಸಿದ. ‘ಖರೇ ಹೇಳ್ತೀನ್ರಿ. ಉಸುರು ಹೋಗಿತ್ತು, ಕಣ್ಣಿಗೆ ಬೆವರು ಇಳದಿತ್ತು. ನೀವು ಎಲ್ಲಿ ಅದೀರಿ ಅನ್ನೂದs ತಿಳೀವಲ್ದಾಗಿತ್ತು. ಹೊಡದದ್ದೆಷ್ಟು, ತಿಂದದ್ದೆಷ್ಟು, ನನಗೇನು ನೆನಪ ಐತ್ರಿ?’ ಅಂದು ಕಪ್ಪನ್ನು ಟವೆಲ್‌ನಲ್ಲಿ ಅವನೇ ಸುತ್ತಿ ವಾಪಸ್ ಕೊಟ್ಟ. ‘ಚಹಾ ಕುಡದ ಹೋಗ್ರಿ’ ಅಂದ.

ದಾರಿಯಲ್ಲಿ ಎಳನೀರಿನ ಗಾಡಿ ಹತ್ತಿರ ನಿಲ್ಲಿಸಿದರು. ಕುಡಿಯಲಿಲ್ಲ, ಕಾಯಿ ಹಿಡಿದುಕೊಂಡು ನಿಂತರು. ‘ನಂಗೆ ಭಯ ಇತ್ತು ಗುರು, ಅದ್ಕೇ ಇಂದಿಂದಕ್ಕೆ ಓದೆ. ನಿಂಗೆ ಭಯ ಇತ್ತು, ನೀನ್ ಸುಮ್ಕಿದ್ದೆ. ಎಲ್ರೂ ಅಂದಂಗೆ ನಾನ್ ಪುಕ್ಲನೇ ಇರ್ಬೋದು’ ಅಂದರು. ‘ಹಾಗೆಲ್ಲ ಅನ್ಬೇಡಿ ಅಣ್ಣ, ಎಷ್ಟು ಜನರ ಬೆರಳು ಉಳೀತು’ ಅಂದೆ. ‘ಅದು ಬೇರೆ. ನಾನ್ ಕೇಳ್ತಿರೋದು ಬೇರೆ’ ಅಂದರು. ನನಗೆ ಅಳು ಬಂತು. ಎರಡೂ ಒಂದೇನೋ ಬೇರೆಬೇರೆಯೋ, ಅದೂ ನನಗೆ ಬಗೆಹರಿಯಲಿಲ್ಲ.

ಅದಾಗಿ ಎಂಟು ತಿಂಗಳಿಗೆ ಅವರಿಗೆ ಎದೆನೋವು ಬಂತು. ಎರಡು ದಿನ ಆಸ್ಪತ್ರೆಯಲ್ಲಿದ್ದರು, ಆಮೇಲೆ ಹೋಗಿಬಿಟ್ಟರು. ಮಣ್ಣು ಮಾಡುವಾಗ ಪ್ರೆಸ್ ಶಾಪಿನವರೆಲ್ಲ ಬಂದಿದ್ದರು. ಯಾರು ಶುರುಮಾಡಿದರೋ ಗೊತ್ತಿಲ್ಲ, ಮಣ್ಣು ಹಾಕಿ ತಿರುಗುವ ಮುಂಚೆ ಒಬ್ಬೊಬ್ಬರೂ ಎರಡೂ ಕೈ ಎತ್ತಿ ತೋರಿಸಿ ಹೋದರು. ಪೈಲ್ವಾನನೂ ತೋರಿಸಿದ.

ಹನ್ನೊಂದನೇ ದಿನದ ಊಟ ಮುಗಿಸಿ ಹೊರಡುವಾಗ ಅವರ ಹೆಂಡತಿ ನನ್ನನ್ನು ನಿಲ್ಲಿಸಿದರು. ಕೈಯಲ್ಲಿ ಅದೇ ಚೀಲ. ಒಳಗೆ ಅದೇ ಟವೆಲ್, ಅದೇ ಕಪ್ಪು, ಮಡಚೋದಕ್ಕೆ ಬಾರದ ಆ ಹಾಳೆ. ‘ನಿಮ್ಗೇ ಕೊಡ್ಬೇಕು ಅಂದವ್ರೆ ಕಣಣ್ಣ, ಆಸ್ಪತ್ರೆನಾಗೆ’ ಅಂದರು.

‘ನನಗ್ಯಾಕಕ್ಕ? ನಿಮ್ಮ ಮನೇಲೇ ಇರ್ಲಿ.’

‘ನಂಗೇನ್ ಗೊತ್ತು? ಇಷ್ಟೇ ಏಳಿದ್ದು: ಗುರುಗೆ ಕೊಡು, ಇನ್ನೊಂದ್ ಸಲ ನೋಡು ಅಂತ ಏಳು ಅಂದ್ರು.’

ಈಗ ಕಪ್ಪು ನಮ್ಮ ಮನೆಯಲ್ಲಿದೆ. ಬಂದವರು ‘ಏನ್ರೀ, ನೀವು ಬಾಕ್ಸಿಂಗ್ ಆಡ್ತಿದ್ರಾ?’ ಅಂತ ಕೇಳುತ್ತಾರೆ, ಇಲ್ಲ ಅನ್ನುತ್ತೇನೆ. ಹೋದ ವಾರ ಟೀವಿಯಲ್ಲಿ ಯಾವುದೋ ಹೆವಿವೇಟ್ ಪಂದ್ಯ ಬರುತ್ತಿತ್ತು. ಒಂದು ಹಾಳೆ ತಗೊಂಡು ಕೂತೆ, ನನ್ನ ಕೈ ಯಾವ ಕಡೆ ಹೋಗುತ್ತದೆ ನೋಡೋಣ ಅಂತ. ಕೈ ನೋಡಿಕೊಂಡರೆ ಪಂದ್ಯ ತಪ್ಪುತ್ತಿತ್ತು, ಪಂದ್ಯ ನೋಡಿದರೆ ಕೈ ಎಲ್ಲಿ ಹೋಯಿತು ತಿಳಿಯುತ್ತಿರಲಿಲ್ಲ. ಹಾಳೆ ಹರಿದು ಹಾಕಿ ಅವರ ಹಾಳೆಯನ್ನೇ ಮತ್ತೆ ಮುಂದಿಟ್ಟುಕೊಂಡೆ. ಮೂರನೇ ರೌಂಡು: ಕೆಂಪಿನ ಕೆಳಗೆ ಐದರ ಒಂದು ಕಟ್ಟು, ನಾಲ್ಕು ಗೆರೆ. ನೀಲಿಯ ಕೆಳಗೆ ಒಂದು ಕಟ್ಟು.

ನೋಡ್ತಾನೇ ಇದ್ದೀನಿ ಅಣ್ಣ. ಇನ್ನೂ ಗೊತ್ತಾಗ್ತಿಲ್ಲ.